ಕೆಂಡಕ್ಕೆ ಬಿದ್ದ ಅಂಬರು ಮಣಿ

ಹರಿಹರದಿಂದ ಮದುವೆಯಾಗಿ ನಮ್ಮ ದಾವಣಗೆರೆಯ ಮನೆಗೆ ಬಂದ ಚಿಕ್ಕಮ್ಮನ ಕೊರಳಲ್ಲಿ, ತೀರಿಹೋದ ಅವಳ ತಾಯಿಯ ಅಂಬರು ಸರವಿತ್ತು. ಮರದ ಅಂಟು ಕಲ್ಲಾಗಿ ಆದ ಮಣಿಗಳು. ಬಿಸಿಲಿಗೆ ಹಿಡಿದರೆ ಜೋನಿಬೆಲ್ಲದ ಬಣ್ಣ.

ಅರವತ್ತರ ದಶಕದ ಒಂದು ಸೋಮವಾರ ಆ ಸರ ಹರಿಯಿತು. ದೇವರ ಕೋಣೆಗೆ ಉರುಳಿ ಒಡೆದಿದ್ದ ಮಣಿಯೊಂದನ್ನು ನನ್ನ ತಾಯಿ ಲೋಬಾನವೆಂದು ಕೆಂಡಕ್ಕೆ ಹಾಕಿಬಿಟ್ಟಳು. ಮನೆಯೆಲ್ಲ ಘಮ್ಮೆಂದಿತು. ಮಣಿ ಹುಡುಕುತ್ತ ಬಂದ ಚಿಕ್ಕಮ್ಮ ಧೂಪದತ್ತ ಬಗ್ಗಿ, ಕೆಂಡದ ಮೇಲೆ ಕರಗುತ್ತಿದ್ದ ಮಣಿಯ ಗುರುತು ಹಿಡಿದಳು.

“ತಪ್ಪಾತು ತಂಗಿ, ಲೋಬಾನ ಅನ್ಕಂಡೆ,” ಎಂದ ತಾಯಿಯ ಕಣ್ಣು ತುಂಬಿತ್ತು.

“ಅಳಬ್ಯಾಡ್ರಿ ಅಕ್ಕಾ. ನಮ್ಮವ್ವ ಇಷ್ಟು ದಿನ ಕೊರಳಾಗ ಸುಮ್ನೆ ಕುಂತಿದ್ಲು. ಇವತ್ತು ಮನಿ ತುಂಬ ಓಡಾಡ್ತಾಳ ನೋಡ್ರಿ!” ಎಂದಳು ಚಿಕ್ಕಮ್ಮ.

ಸರ ಮತ್ತೆ ಪೋಣಿಸುವಾಗ ಆ ಜಾಗಕ್ಕೆ ಬೇರೆ ಮಣಿ ಹಾಕದೆ ಒಂದು ಗಂಟು ಹಾಕಿದಳು. ನನ್ನ ಕಣ್ಣಿಗೆ ಆ ಗಂಟೇ ಹೆಚ್ಚು ಚೆಂದ ಕಾಣುತ್ತಿತ್ತು.