ಹೊಸಪೇಟೆಯ ಲ್ಯಾಬಿನಲ್ಲಿ ಮುಳುಗಿದ ಗದ್ದೆ

ಹೊಸಪೇಟೆಯ ಡಿಪ್ಲೊಮಾ ಕಾಲೇಜೊಂದರಲ್ಲಿ ನಾನು ಕಂಟ್ರೋಲ್ ಸಿಸ್ಟಮ್ಸ್ ಪಾಠ ಮಾಡುತ್ತೇನೆ. ಅದರಲ್ಲಿ ಒಂದು ಸಂಗತಿ ಯಾವ ಬ್ಯಾಚಿನ ತಲೆಗೂ ಹೋಗುತ್ತಿರಲಿಲ್ಲ: ನಾವು ಮಾಡಿದ ಬದಲಾವಣೆಯ ಫಲ ಕಾಣಲು ಹೊತ್ತು ಹಿಡಿಯುತ್ತದೆ, ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕು. ಬೋರ್ಡಿನ ಮೇಲೆ ಸಮೀಕರಣ ಬರೆದು ಬರೆದು ಸಾಕಾಗಿ ಒಂದು ವಿಡಿಯೋ ಗೇಮ್ ತಂದೆ. ಪರದೆಯ ಒಂದು ತುದಿಗೆ ಡ್ಯಾಂ, ಇನ್ನೊಂದು ತುದಿಗೆ ಗದ್ದೆ, ನಡುವೆ ಉದ್ದನೆಯ ಕಾಲುವೆ. ಗೇಟು ಎತ್ತಿ ಇಳಿಸಿ ಗದ್ದೆಯನ್ನು ಹಸಿರಾಗಿಡಬೇಕು, ಅಷ್ಟೇ.

ಡ್ಯಾಮಿನಲ್ಲಿ ನೀರು ಉಳಿಯಲೆಂದು ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಹುಡುಗರು ಗೇಟು ಎತ್ತಲು ಒಪ್ಪುತ್ತಿರಲಿಲ್ಲ. ಕಾಲುವೆಯ ಕೊನೆಯ ಕಂಪ್ಲಿಯ ಹುಡುಗಿಯರು ಇಳಿಸಲು ಬಿಡುತ್ತಿರಲಿಲ್ಲ. ಗದ್ದಲ ಪ್ರಿನ್ಸಿಪಾಲರ ಕಿವಿಗೆ ಬಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಲ್ಯಾಬಿಗೆ ಬಂದೇಬಿಟ್ಟರು.

"ಇದೇನ್ರಿ ಮೇಡಂ, ಕಾಲೇಜೋ ಸಂತಿಯೋ? ನಾಳಿಂದ ಈ ಆಟ ಬ್ಯಾಡ."

ನನಗೆ ಸಿಟ್ಟು ನೆತ್ತಿಗೇರಿತು. ಫೇಲಾಗಿ ಫೇಲಾಗಿ ಬಾಯಿ ಮುಚ್ಚಿಕೊಂಡಿದ್ದ ಒಬ್ಬ ಹುಡುಗಿ ಈ ಆಟ ಬಂದ ಮೇಲಷ್ಟೇ ಪ್ರಶ್ನೆ ಕೇಳಲು ಶುರುಮಾಡಿದ್ದಳು. ಆಟ ಹೋದರೆ ಅವಳ ಮಾತೂ ಹೋಗುತ್ತದೆಂದು ಭಯವಾಯಿತು.

"ಒಮ್ಮೆ ಆಡಿ ನೋಡ್ರಿ ಸರ್, ಆಮ್ಯಾಲೆ ಬಂದ್ ಮಾಡ್ರಿ," ಎಂದು ಮೌಸನ್ನು ಅವರ ಮುಂದೆ ತಳ್ಳಿದೆ.

ಅವರ ಸ್ವಂತ ಗದ್ದೆ ಇರುವುದು ಕಂಪ್ಲಿಯ ಕಡೆ, ಕಾಲುವೆಯ ಕೊನೆಯಲ್ಲಿ. ಪರದೆಯ ಗೇಟು ಸ್ವಲ್ಪ ಎತ್ತಿದರು. ನೀರು ಬರಲಿಲ್ಲ. ಇನ್ನಷ್ಟು ಎತ್ತಿದರು. "ನೀರ್ ಎಲ್ಲೈತ್ರಿ?" ಕೊನೆಗೆ ಪೂರ್ತಿ ಎತ್ತಿ, "ಲೇ, ಬಿಡ್ರಲೇ ನೀರು!" ಎಂದು ಕಂಪ್ಯೂಟರನ್ನೇ ಗದರಿದರು. ಆಗ ಅಷ್ಟೂ ಸಲ ಬಿಟ್ಟ ನೀರು ಒಂದರ ಹಿಂದೊಂದು ಬಂತು. ಗದ್ದೆ ಕೆರೆಯಾಯಿತು.

ಯಾರೂ ನಗಲಿಲ್ಲ, ನಾನಂತೂ ತುಟಿ ಕಚ್ಚಿ ನಗು ತಡೆದಿದ್ದೆ. ಫೇಲಾಗುತ್ತಿದ್ದ ಆ ಹುಡುಗಿ ಎದ್ದು ನಿಂತಳು.

"ಸರ್, ಮೊದ್ಲು ಬಿಟ್ಟ ನೀರು ಇನ್ನಾ ದಾರಿಯಾಗ ಇತ್ರಿ. ಅದು ಮುಟ್ಟೋತನಕ ನೀವು ಕೈ ತೆಗೀಬೇಕ್ರಿ."

ಪ್ರಿನ್ಸಿಪಾಲರು ಅವಳನ್ನು ನೋಡಿದರು, ಮುಳುಗಿದ ಗದ್ದೆಯನ್ನು ನೋಡಿದರು. "ಇನ್ನೊಂದ್ ಸಲ ಹಾಕ್ರಿ," ಎಂದರು. ಈ ಸಲ ಗೇಟನ್ನು ಒಂದಿಷ್ಟು ಎತ್ತಿ, ತಮ್ಮ ಕೈಗಳ ಮೇಲೆ ತಮಗೇ ನಂಬಿಕೆಯಿಲ್ಲದೆ ಎರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಕುಳಿತರು.

ಜವಾನ ಬಾಗಿಲಲ್ಲಿ ಇಣುಕಿದ. "ಸರ್, ಮೀಟಿಂಗಿಗೆ ಎಲ್ರೂ ಬಂದಾರ್ರಿ."

ಅವರು ಪರದೆಯಿಂದ ಕಣ್ಣು ಕೀಳಲಿಲ್ಲ.

"ಕುಂದ್ರಾಕ ಹೇಳು. ನೀರು ಹೊಂಟೈತಿ."