ಕಡಗೋಲಿನ ನೆತ್ತಿಯ ಸ್ಕ್ರೂ

ನಮ್ಮ ದೊಡ್ಡಪ್ಪನ ಮನೆಯ ಸೊಸೆ ಕೌದಿ ಹಾಕಿ ವಾಷಿಂಗ್ ಮಷೀನು ಮುರಿದಳು ಎಂಬ ಕತೆಯನ್ನು ನೀವು ಕೇಳಿಲ್ಲವಾದರೆ, ನಮ್ಮ ಕಡೆಯ ಒಂದೂ ಮದುವೆಯಲ್ಲಿ ನೀವು ಊಟಕ್ಕೆ ಕೂತಿಲ್ಲ ಎಂದರ್ಥ. ಸಿಂಧನೂರಿನಲ್ಲಿ ಹೊರಡುವಾಗ ಅದು ಹಳೆ ಸೀರೆಗಳನ್ನು ಹೊಲಿದು ಮಾಡಿದ ಒಂದೇ ಕೌದಿ. ಮಸ್ಕಿ ದಾಟುವಷ್ಟರಲ್ಲಿ ಎರಡಾಗುತ್ತದೆ. ಲಿಂಗಸುಗೂರಿನ ನೆಂಟರ ಮನೆ ಮುಟ್ಟುವಾಗ ಜೊತೆಗೊಂದು ಹತ್ತಿಯ ಗಾದಿಯೂ ಸೇರಿಕೊಂಡಿರುತ್ತದೆ. ಇಷ್ಟು ಜನ ಒಂದೇ ಮಾತನ್ನು ಒಪ್ಪಿದ್ದಾರೆ ಎಂಬುದೇ ನನಗೆ ಅನುಮಾನಕ್ಕೆ ಸಾಕಾಯಿತು. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನನಗೆ ಬಂದ ಲಾಭವೆಂದರೆ ಇದೊಂದೇ: ಯಾರಾದರೂ ‘ಎಲ್ಲರಿಗೂ ಗೊತ್ತಿರುವಂತೆ’ ಎಂದು ಶುರು ಮಾಡಿದರೆ ನನ್ನ ಕೈ ತಾನಾಗಿ ಮೇಲೇಳುತ್ತದೆ. ಹೀಗಾಗಿಯೇ ನನ್ನನ್ನು ಮದುವೆಗಳಿಗೆ ಕರೆಯುವುದೂ ಕಡಿಮೆಯಾಗಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಡಿಗ್ರಿ ಓದಲು ಸಿಂಧನೂರಿನ ದೊಡ್ಡಪ್ಪನ ಮನೆಯಲ್ಲಿದ್ದೆ. ಹೊಲ ವಳಕಮದಿನ್ನಿಯಲ್ಲಿ, ಗಂಡಸರ ಬಟ್ಟೆಯ ಜೊತೆ ಗದ್ದೆಯ ಅರ್ಧ ಕೆಸರು ದಿನಾ ಮನೆಗೆ ಬರುತ್ತಿತ್ತು. ಅದನ್ನು ಒಗೆಯುವವರು ವೈನಿ, ಅಂದರೆ ದೊಡ್ಡಪ್ಪನ ಸೊಸೆ. ಇದನ್ನು ನೋಡಲಾಗದೆ ಮಸ್ಕಿಯ ಅವರ ತವರಿನವರು ಒಂದು ಮಷೀನು ಕಳಿಸಿಕೊಟ್ಟರು. ಬೆಳಗಿನ ಹೊತ್ತು ಖಾಲಿಯಾಯಿತು. ವೈನಿ ಓಣಿಯಾಚೆಯ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರಾಗಿ ಸೇರಿದರು. ಮಕ್ಕಳು ಅವರನ್ನು ಬೀದಿಯಲ್ಲಿ ಕಂಡರೆ ‘ನಮಸ್ತೇ ಟೀಚರ್’ ಎಂದು ಕಿರುಚುತ್ತಿದ್ದವು. ಆಗ ವೈನಿಯ ನಡಿಗೆ ಕೊಂಚ ಬದಲಾಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಆಮೇಲೊಂದು ದಿನ ಮಷೀನು ಗುಂಯ್ ಎಂದಿತು, ಬಟ್ಟೆ ಮಾತ್ರ ಅಲ್ಲಾಡಲಿಲ್ಲ. ದೊಡ್ಡವ್ವ ನಿಂತಲ್ಲೇ ತೀರ್ಪು ಕೊಟ್ಟಳು.

“ಕೌದಿ ಹಾಕಬ್ಯಾಡ ಅಂದಿದ್ನಿಲ್ಲೋ? ಮುರದು ಇಟ್ಟಿ. ಮಷೀನ್ ಮಸ್ಕಿಗೆ ವಾಪಸ್ ಕಳಸ್ರಿ. ನೀ ಸಾಲಿ ಬಿಡವ್ವಾ, ಅರಿವಿ ಒಗಿಯೋರು ಯಾರು?”

ವೈನಿ ಮಷೀನಿನೊಳಗಿನ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ತುಂಬತೊಡಗಿದರು. ಅವರ ಪರ ವಾದಿಸುವ ಕೆಲಸವನ್ನು ನಾನು ವಹಿಸಿಕೊಂಡೆ, ಯಾರೂ ಕೇಳಿರಲಿಲ್ಲ.

ತರ್ಕಶಾಸ್ತ್ರದಲ್ಲಿ ಒಂದು ಹಳೆಯ ಉದಾಹರಣೆಯಿದೆ: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯಬೇಕು. ನಮ್ಮ ಮನೆಗಳ ತರ್ಕ ಇನ್ನೂ ಸರಳ. ಎಲ್ಲಿ ಹೊಗೆ ಕಂಡರೂ ಅಲ್ಲಿ ಸೊಸೆಯಿದ್ದಾಳೆ. ವೈನಿ ಕೌದಿ ಹಾಕಿದ್ದು ಯುಗಾದಿಗೆ ಮುಂಚೆ. ಮಷೀನು ನಿಂತದ್ದು ಕಾರಹುಣ್ಣಿಮೆ ಕಳೆದ ಮೇಲೆ. ನಡುವಿನ ಈ ಎರಡು-ಮೂರು ತಿಂಗಳು ಕೌದಿ ಯಾವ ಮೂಲೆಯಲ್ಲಿ ಅಡಗಿ ಕೂತು ಸಂಚು ಮಾಡುತ್ತಿತ್ತು ಎಂದು ನಾನು ಕೇಳಿದೆ. “ಬಾಯಿ ಭಾಳ ಆಗ್ಯಾದ ನಿಂದು” ಎಂದಳು ದೊಡ್ಡವ್ವ. ಸ್ಪರ್ಧೆಗಳಲ್ಲಿ ಇದನ್ನು ಎದುರಾಳಿಯ ಸೋಲೆಂದು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಹಾಗಲ್ಲ.

ಆ ಮಷೀನಿನ ನಡುವೆ ಒಂದು ರೆಕ್ಕೆಯ ಕಂಬ ನಿಂತಿರುತ್ತದೆ. ಬಟ್ಟೆಯನ್ನು ಅತ್ತಿತ್ತ ತಿರುವಿ ಕೊಳೆ ಬಿಡಿಸುವುದು ಅದೇ. ಕಂಪನಿಯವರು ಅದಕ್ಕೆ ಅಜಿಟೇಟರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಕಡಗೋಲು. ಈ ಕಡಗೋಲನ್ನು ಒಳಗಿನ ಕಬ್ಬಿಣದ ದಂಡಕ್ಕೆ ಕಟ್ಟಿ ಹಿಡಿದಿರುವುದು ನೆತ್ತಿಯ ಮೇಲಿನ ಒಂದೇ ಒಂದು ಸ್ಕ್ರೂ. ಮೊಳೆಯ ಬಗ್ಗೆ ನನಗೆ ಗೌರವವಿಲ್ಲ. ಹೊಡೆತ ಬಿದ್ದರೆ ಯಾವ ಗೋಡೆಗಾದರೂ ನುಗ್ಗುತ್ತದೆ. ಸ್ಕ್ರೂ ಹಾಗಲ್ಲ, ಸುತ್ತು ಸುತ್ತಾಗಿ ಒಪ್ಪಿಸುತ್ತಾ ಒಳಗೆ ಹೋಗುತ್ತದೆ. ಆದರೆ ಒಮ್ಮೆ ಅದರ ಸುತ್ತುಗಳು ಸವೆದವೋ, ತಿರುಗುತ್ತಲೇ ಇರುತ್ತದೆ, ಏನನ್ನೂ ಹಿಡಿಯುವುದಿಲ್ಲ. ಇಂಥ ಭಾಷಣಕಾರರನ್ನು ನಾನು ಬಲ್ಲೆ. ಒಂದೆರಡು ಸಲ ಕನ್ನಡಿಯಲ್ಲೂ ಕಂಡಿದ್ದೇನೆ.

ನೆತ್ತಿಯ ಮುಚ್ಚಳ ತೆಗೆದೆ. ಸ್ಕ್ರೂ ಕಾಣಲಿಲ್ಲ. ಕಂಡದ್ದು ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವಿನ ಎಸಳು, ಒಂದೆಳೆ ತೆಂಗಿನ ನಾರು. ಬೆರಳಿನಿಂದ ಕೆರೆದರೆ ಅಡಿಯಲ್ಲಿ ತುಕ್ಕು. ಇನ್ನೂ ಕೆರೆದರೆ ತಲೆಯ ಗೀಟು ಅಳಿಸಿ, ಪೇಡೆಯಂತೆ ನುಣ್ಣಗಾದ ಸ್ಕ್ರೂ. ಪೂರ್ತಿ ಬಿಗಿಯದೆ ಅರ್ಧಕ್ಕೇ ಕಚ್ಚಿಕೊಂಡಿತ್ತು, ಹೀಗಾಗಿ ಒಳಗೆ ದಂಡ ತಿರುಗಿದರೂ ಕಡಗೋಲು ಅಲ್ಲಾಡುತ್ತಿರಲಿಲ್ಲ.

ದೊಡ್ಡಪ್ಪ ಅಮಾವಾಸ್ಯೆ ಬಿಡುವವರಲ್ಲ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ತಕ್ಕಡಿ, ಕೊನೆಗೆ ಗೋಡೆಗೆ ಒರಗಿಸಿದ ಸೈಕಲ್ಲು — ಎಲ್ಲಕ್ಕೂ ಪೂಜೆ, ಎಲ್ಲಕ್ಕೂ ಕಾಯಿ. ಮಷೀನು ಬಂದಾಗ ಅದೂ ಸಾಲಿಗೆ ಸೇರಿತ್ತು. ಆದರೆ ಮೈಮೇಲೆ ಕುಂಕುಮ ಹಚ್ಚಿ ಬಿಟ್ಟಿರುತ್ತಾರೆಂದು ನಾನು ಭಾವಿಸಿದ್ದೆ. ಹೋಗಿ ಕೇಳಿದೆ. ದೊಡ್ಡಪ್ಪ ಮುಚ್ಚುಮರೆಯಿಲ್ಲದೆ, ನನ್ನ ಅಜ್ಞಾನಕ್ಕೆ ಮರುಗುತ್ತಾ ಹೇಳಿದರು:

“ಹೊರಗಿಂದು ಪ್ಲಾಸ್ಟಿಕ್ ಐತಿ. ಪ್ಲಾಸ್ಟಿಕ್ಕಿಗೆ ಯಾರರ ಪೂಜಿ ಮಾಡ್ತಾರೇನು? ದುಡಿಯಾದು ಒಳಗಿನ ಕಬ್ಬಿಣ. ಪೇಚ್ ಬಿಚ್ಚಿ, ಕಡಗೋಲು ಎತ್ತಿ, ಅದಕ್ಕ ಹಚ್ಚಬೇಕು.”

“ಬಿಚ್ಚಿದ್ದು ಯಾವುದ್ರಿಂದ್ರಿ?”

“ಪಂಪ್‌ಸೆಟ್ಟಿನ ಪೇಚ್‌ಕಸ್ ಐತಲ್ಲ.”

ಆ ಪೇಚ್‌ಕಸ್, ಅಂದರೆ ಸ್ಕ್ರೂಡ್ರೈವರು, ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅದರಿಂದ ಬಾಗಿಲನ್ನೇ ಮೀಟಬಹುದು. ತಿಂಗಳು ತಿಂಗಳು ಆ ಪುಟ್ಟ ಸ್ಕ್ರೂವಿನ ತಲೆಯ ಮೇಲೆ ಅದನ್ನಿಟ್ಟು ಒತ್ತಿ ತಿರುಗಿಸಿ, ಮೇಲೆ ಕಾಯಿಯ ನೀರು ಚಿಮುಕಿಸಿ, ಮತ್ತೆ ಬಿಗಿದಿದ್ದಾರೆ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮೆಚ್ಚುಗೆ. ಪ್ಲಾಸ್ಟಿಕ್ಕಿನಲ್ಲಿ ದೇವರಿಲ್ಲ, ಕಬ್ಬಿಣದಲ್ಲಿದ್ದಾನೆ ಎಂದು ಇಷ್ಟು ನಿಖರವಾಗಿ ಗಡಿ ಹಾಕಿದ ಆಸ್ತಿಕರನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ದೊಡ್ಡಪ್ಪಾ, ಕಾಯಿ ನೀರಿಗೆ ತುಕ್ಕು ಹಿಡದೈತ್ರಿ. ಕೌದಿಗೆ ಅಲ್ಲ.”

“ಏ ವಕೀಲವ್ವಾ, ದೇವರ ತೀರ್ಥಕ್ಕ ತುಕ್ಕು ಹಿಡೀತೈತೇನು?”

“ಹಿಡಿದಿಲ್ಲಂದ್ರ ಬಂದು ನೋಡ್ರಿ.”

ಬಂದರು. ಬಹಳ ಹೊತ್ತು ನೋಡಿದರು. “ಕಂಪನಿಯವ್ರು ಕಚ್ಚಾ ಕಬ್ಬಿಣ ಹಾಕ್ಯಾರ” ಎಂದು ಹೇಳಿ ಹೊರಟುಹೋದರು.

ವಾದ ಗೆದ್ದ ಮೇಲೆ ಸ್ಕ್ರೂ ತಾನಾಗಿ ಹೊರಗೆ ಬರುತ್ತದೆಂದು ನಾನು ಎಲ್ಲೋ ನಂಬಿದ್ದೆನೇನೋ. ಬರಲಿಲ್ಲ. ಸೀಮೆಎಣ್ಣೆ ಬಿಟ್ಟು ಕಾದೆ, ಬೈದೆ. ಕೊನೆಗೆ ಗರಗಸದ ಬ್ಲೇಡಿನಿಂದ ಅದರ ತಲೆಯ ಮೇಲೆ ಹೊಸ ಗೀಟು ಕೊರೆದು, ನಾನೂ ವೈನಿಯೂ ಸೇರಿ ತಿರುಗಿಸಿದಾಗ ಕಿರ್ರೆಂದು ಬಂತು. ಸಿಂಧನೂರಿನ ಅಂಗಡಿಗಳಲ್ಲಿ ಟ್ರ್ಯಾಕ್ಟರಿನ ಬೋಲ್ಟು ಬಿಟ್ಟು ಬೇರೆ ಸಿಗಲಿಲ್ಲ. ಸವೆದ ಸ್ಕ್ರೂವನ್ನು ಚೀಟಿಯಲ್ಲಿ ಸುತ್ತಿಕೊಂಡು ಲಿಂಗಸುಗೂರಿಗೆ ಬಸ್ಸು ಹತ್ತಿದೆ. ಹತ್ತಿರದ ಚಿನ್ನದ ಗಣಿಗೆ ಯಂತ್ರದ ಸಾಮಾನು ಮಾರುವ ಅಂಗಡಿಯೊಂದು ಅಲ್ಲಿತ್ತು. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, “ಯಾವ ಕಾಲದ್ದವ್ವಾ ಇದು, ನಿಜಾಮಂದೇನು?” ಎಂದ. ತುಕ್ಕು ಹಿಡಿಯದ ಉಕ್ಕಿನದೊಂದನ್ನು ಹುಡುಕಿ ಕೊಟ್ಟ. ಅದನ್ನು ಹಾಕಿ ಬಿಗಿದೆವು. ಕಡಗೋಲು ತಿರುಗಿತು, ನೀರು ಕೆಸರಾಯಿತು. ಮರುದಿನ ವೈನಿ ಸೀರೆಯ ನೆರಿಗೆ ಸರಿಮಾಡಿಕೊಂಡು ಶಾಲೆಗೆ ಹೋದರು. ದೊಡ್ಡವ್ವ ತಡೆಯಲಿಲ್ಲ.

ನನ್ನ ಗೆಲುವು ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ಭಾನುವಾರ ಮಸ್ಕಿಯಿಂದ ವೈನಿಯ ತಂದೆ ಬಂದರು. ಮಗಳು ಕೊಟ್ಟ ಚಹಾ ಹಿಡಿದು ಪಡಸಾಲೆಯ ಅಂಚಿನಲ್ಲಿ, ತಾವೇ ಏನೋ ಮುರಿದವರಂತೆ ಕೂತರು. ದೊಡ್ಡಪ್ಪ ಅವರ ಬೆನ್ನಿನ ಮೇಲೆ ಕೈಯಿಟ್ಟು ದೊಡ್ಡ ಮನಸ್ಸಿನಿಂದ ಹೇಳಿದರು:

“ಚಿಂತಿ ಬಿಡ್ರಿ ಬೀಗರ. ಮಷೀನ್ ಸುದ್ದ ಆಗ್ಯಾದ. ಆಗಿದ್ದು ಆಗಿಹೋತು, ಇನ್ನ ಮ್ಯಾಲ ನಮ್ಮ ಸೊಸಿ ಹುಷಾರ್ ಇರ್ತಾಳ.”

ಬೀಗರು ಕೃತಜ್ಞತೆಯಿಂದ ತಲೆಯಾಡಿಸಿದರು. ಬಾಗಿಲಲ್ಲಿದ್ದ ವೈನಿ ನೆಲ ನೋಡಿದರು. ನನ್ನ ಕೈ, ಅಭ್ಯಾಸಬಲದಿಂದ, ಮೇಲೆದ್ದಿತು.

“ದೊಡ್ಡಪ್ಪಾ, ಆಕಿ ಹುಷಾರ್ ಇರಬೇಕಾದದ್ದು ಯಾರಿಂದ್ರಿ?”