ಚಾವಣಿಯ ಒಂಟೆ

ಬೀದಿಯವರಿಗೆಲ್ಲ ಆಕೆ ಪರದೆಯಕ್ಕ. ಕಿಟಕಿ, ಬಾಗಿಲುಗಳಿಗೆ ಪರದೆ ಹೊಲಿಯುವುದು ಆಕೆಯ ಕೆಲಸ. ಅಂಗಿಗೊಂದು ಗುಂಡಿ ಹಾಕಿಕೊಡಿ ಎಂದರೂ ಮುಖ ಸಿಂಡರಿಸುತ್ತಾಳೆ. ವಯಸ್ಸು ಐವತ್ತು ದಾಟಿದೆ. ಹಳೆಯ ಕಟ್ಟಡವೊಂದರ ನಡುವಿನ ಮಹಡಿಯಲ್ಲಿ, ಬಾಡಿಗೆಯ ಎರಡು ಕೋಣೆಗಳಲ್ಲಿ, ಸಿಟಿ ಬಸ್ ಓಡಿಸುವ ತಮ್ಮನ ಜೊತೆ ಇದ್ದಾಳೆ. ಮಾಲೀಕರ ಸಂಸಾರ ಮೇಲಿನ ಮಹಡಿಯಲ್ಲಿದೆ.

ಹೊಲಿದು ಮುಗಿದ ಪರದೆಯನ್ನು ಆಕೆ ಒಂದು ದಿನದ ಮಟ್ಟಿಗೆ ತನ್ನ ಕಿಟಕಿಗೇ ಹಾಕುತ್ತಾಳೆ. ನೆರಿಗೆ ಸರಿಯಾಗಿ ಬೀಳುತ್ತದೆಯೇ ಎಂದು ನೋಡಲು. ಹೀಗಾಗಿ ಆ ಕೋಣೆಗೆ ದಿನಕ್ಕೊಂದು ಬಣ್ಣ. ಒಂದು ಮಧ್ಯಾಹ್ನ ಕೋಣೆ ಹಸಿರು ಸೀಸೆಯ ಒಳಗಿದ್ದಂತಿರುತ್ತದೆ, ಮತ್ತೊಂದು ಮಧ್ಯಾಹ್ನ ತೆಳು ಕೇಸರಿ. ಊಟ ಮುಗಿಸಿ ಆಕೆ ಮಿಷನ್ನಿನ ಪಕ್ಕ ಚಾಪೆ ಹಾಸಿ ಮಲಗುತ್ತಾಳೆ. ಮಂಪರು ಹತ್ತುವವರೆಗೆ ಚಾವಣಿ ನೋಡುತ್ತಾಳೆ.

ಆ ಚಾವಣಿಯಲ್ಲಿ, ಕಿಟಕಿಯ ಬದಿಗೆ, ಒಂದು ತೇವದ ಕಲೆ ಇತ್ತು. ಮೊದಮೊದಲು ಹೆಬ್ಬೆರಳಿನ ಗುರುತಿನಷ್ಟು. ಆಮೇಲೆ ಬಾತುಕೋಳಿ. ಬಾತುಕೋಳಿಯ ಕತ್ತು ಉದ್ದವಾಯಿತು, ಬೆನ್ನು ಉಬ್ಬಿತು, ಕಾಲುಗಳು ಇಳಿದವು. ಒಂಟೆಯಾಯಿತು. ನೀಲಿ ಪರದೆ ಇದ್ದ ದಿನ ಅದು ನೀರಿನಲ್ಲಿ ನಡೆಯುತ್ತಿತ್ತು, ಹಳದಿ ಪರದೆಯ ದಿನ ಮರಳಿನಲ್ಲಿ. ಇದು ಮಾಲೀಕರಿಗೆ ಹೇಳಬೇಕಾದ ಸಂಗತಿ ಎಂದು ಆಕೆಗೆ ಅನ್ನಿಸಲೇ ಇಲ್ಲ.

ಡಿಪೋದಲ್ಲಿ ಜೊತೆಗಿದ್ದವನೊಬ್ಬನ ಮನೆಗೆ ಬೆಂಕಿ ಬಿದ್ದ ಮೇಲೆ ತಮ್ಮ ಗಾಬರಿಯಾಗಿ ಬಾಡಿಗೆದಾರರ ವಿಮೆಯೊಂದನ್ನು ಮಾಡಿಸಿದ. ಮಿಷನ್ ದುಡಿಮೆಯ ಸಾಮಾನಾದ್ದರಿಂದ ಅದನ್ನು ಬೇರೆಯಾಗಿ ಸೇರಿಸಿದ. ಸಂಜೆ ಅಕ್ಕನನ್ನು ಕೂರಿಸಿಕೊಂಡು ಪಾಲಿಸಿ ವಿವರಿಸಿದ.

"ನೋಡಕ್ಕ, ಗೋಡೆ, ನೆಲ, ಚಾವಣಿ ಎಲ್ಲ ಮಾಲೀಕರದ್ದು. ಅದಕ್ಕೆ ಅವರ ವಿಮೆ. ಮನೆ ಖಾಲಿ ಮಾಡುವಾಗ ಲಾರಿಗೆ ಏನೇನು ಹೇರ್ತೀವೋ ಅದು ನಮ್ದು. ಅದಕ್ಕೆ ಈ ವಿಮೆ."

"ಅದರಲ್ಲಿ ನೀನೂ ಸೇರಿದೀಯೇನೋ?"

"ನನ್ನನ್ನ ಹೇರೋಕೆ ಎರಡನೇ ಲಾರಿ ಬೇಕು. ಸುಮ್ನೆ ಕೇಳು. ನಷ್ಟ ಆದ್ರೆ ಮೊದಲ ಒಂದಿಷ್ಟು ನಾವೇ ಹೊರಬೇಕು. ಉಳಿದದ್ದು ಕಂಪನಿ ಕೊಡುತ್ತೆ, ಸವಕಳಿ ಕಳೆದು."

"ಸವಕಳಿ ಅಂದ್ರೆ?"

"ನಿನ್ನ ಮಿಷನ್ ಹಾಳಾದ್ರೆ ಹೊಸ ಮಿಷನ್ನಿನ ದುಡ್ಡು ಕೊಡಲ್ಲ. ಬಳಸಿ ಬಳಸಿ ಸವೆದದ್ದಕ್ಕೆ ಇವತ್ತು ಏನು ಬೆಲೆಯೋ ಅಷ್ಟೇ. ಹೊಸದರ ಬೆಲೆ ಕೊಡೋ ಪಾಲಿಸಿನೂ ಇತ್ತು, ಕಂತು ಜಾಸ್ತಿ, ಬಿಟ್ಟೆ."

"ಜಿಪುಣ."

"ಹೂಂ ಕಣೇ, ನಿನ್ನ ತಮ್ಮ ಅಲ್ವಾ. ಇನ್ನೊಂದು ಕೇಳು. ಇದ್ದಕ್ಕಿದ್ದ ಹಾಗೆ ಆದ ನಷ್ಟಕ್ಕೆ ಮಾತ್ರ ದುಡ್ಡು. ದಿನಾ ಹನಿಹನಿ ಸೋರಿ ಹಾಳಾದ್ರೆ ಅದು ನಮ್ಮ ಅಸಡ್ಡೆ ಅಂತಾರೆ."

ಅಷ್ಟು ಹೊತ್ತಿಗೆ ಅಕ್ಕನ ಕಣ್ಣು ಎಳೆಯುತ್ತಿತ್ತು. ಹನಿಹನಿ ಎಂಬ ಮಾತು ಜೋಗುಳದಂತೆ ಕೇಳಿಸಿರಬೇಕು.

ತಿಂಗಳುಗಳ ನಂತರ ಒಂದು ನರ್ಸಿಂಗ್ ಹೋಮ್ ತನ್ನ ವಾರ್ಡುಗಳಿಗೆಲ್ಲ ಪರದೆ ಕೇಳಿತು. ಆಕೆಗೆ ಈವರೆಗೆ ಸಿಕ್ಕ ಅತಿ ದೊಡ್ಡ ಕೆಲಸ. ಬಟ್ಟೆಯ ಸುರುಳಿಗಳನ್ನು ಮೊದಲೇ ಕೊಂಡು ಕಿಟಕಿಯ ಕೆಳಗೆ ಜೋಡಿಸಿಟ್ಟಳು. ಕೆಲವು ವಾರಗಳ ಮೇಲೆ, ವಾರ್ಡುಗಳ ಅಳತೆ ತೆಗೆದುಕೊಳ್ಳಲು ಹೋಗಿದ್ದ ದಿನವೇ ಮೇಲಿನ ಮನೆಯ ಅಡುಗೆಕೋಣೆಯ ಪೈಪು ಒಡೆಯಿತು.

ಬಾಗಿಲು ತೆರೆದಾಗ ನೆಲದ ತುಂಬ ನೀರು ನಿಂತಿತ್ತು. ದಾರದ ಉಂಡೆಗಳು ಬಣ್ಣಬಣ್ಣವಾಗಿ ತೇಲುತ್ತ, ನಿಧಾನವಾಗಿ ತಿರುಗುತ್ತ, ಆಕೆಯ ಪಾದದ ಬಳಿಗೆ ಬಂದವು. ಎಷ್ಟೋ ಹೊತ್ತು ಆಕೆ ಅದನ್ನೇ ನೋಡುತ್ತ ನಿಂತಳಂತೆ. ಆಮೇಲೆ ಮಿಷನ್ ಕಂಡಿತು. ಚಾವಣಿಯ ಗಾರೆ ಕಳಚಿ ಅದರ ಮೇಲೆಯೇ ಬಿದ್ದಿತ್ತು. ಮೋಟಾರು ನೀರು ಕುಡಿದಿತ್ತು, ಮಿಷನ್ನಿನ ತೋಳು ಬಿರುಕು ಬಿಟ್ಟಿತ್ತು. ವಿಮೆಯ ದುಡ್ಡು ಬರದಿದ್ದರೆ ಇನ್ನೊಂದು ಮಿಷನ್ ಇಲ್ಲ, ನರ್ಸಿಂಗ್ ಹೋಮಿನ ಕೆಲಸವೂ ಇಲ್ಲ.

ನಷ್ಟ ಅಂದಾಜು ಮಾಡಲು ವಿಮೆ ಕಂಪನಿಯ ಸರ್ವೇಯರ್ ಬರುವ ಬೆಳಿಗ್ಗೆ, ಒಂಟೆಯ ಸುದ್ದಿಯನ್ನು ಅಕ್ಕನ ಬಾಯಿಂದಲೇ ಕೇಳಿದ್ದ ತಮ್ಮ ಎಚ್ಚರಿಸಿದ. "ಒಂಟೆ ಗಿಂಟೆ ಅಂತ ಬಾಯಿ ಬಿಡಬೇಡ."

"ಕೇಳಿದ್ರೆ?"

"ಗೊತ್ತಿಲ್ಲ ಅನ್ನು. ಮಧ್ಯಾಹ್ನ ನಿದ್ದೆ ಮಾಡ್ತಿದ್ದೆ ಅನ್ನು. ಅದೇನು ಸುಳ್ಳಲ್ಲವಲ್ಲ."

ಸರ್ವೇಯರ್ ಮೃದುವಾಗಿ ಮಾತಾಡುವ ಎಳೆಯ ಹೆಂಗಸು. ಟಾರ್ಚ್ ಹಿಡಿದು ಚಾವಣಿಯನ್ನು ಮೂಲೆಮೂಲೆ ನೋಡಿದಳು. ಕಿಟಕಿಯ ಬದಿಯಲ್ಲಿ ಬೆಳಕು ನಿಂತಿತು. "ಈ ಕಲೆ ಮೊದಲಿಂದಾನೂ ಇತ್ತಾ, ಅಮ್ಮ?"

ತಮ್ಮ ಕೆಮ್ಮಿದ.

"ಇತ್ತು," ಎಂದಳು ಪರದೆಯಕ್ಕ. ಆಮೇಲೆ ಮಾತು ನಿಲ್ಲಲಿಲ್ಲ. ಬಾತುಕೋಳಿ, ಕತ್ತು, ನೀಲಿಯ ದಿನ, ಹಳದಿಯ ದಿನ, ಎಲ್ಲ ಹೇಳಿದಳು. ತಮ್ಮ ಗೋಡೆಯ ಕಡೆ ತಿರುಗಿಕೊಂಡ.

"ಒಂಟೆ ಎಲ್ಲಿವರೆಗೆ ಬಂದಿತ್ತು? ಮಿಷನ್ ತನಕ ಬಂದಿತ್ತಾ?"

"ಇಲ್ಲಮ್ಮ. ಕಿಟಕಿ ಬಿಟ್ಟು ಕದಲ್ತಿರಲಿಲ್ಲ. ಮಿಷನ್ ಬಾಗಿಲ ಹತ್ರ ಇತ್ತು."

ಸರ್ವೇಯರ್ ಮೇಲಿನ ಮನೆಗೆ ಹೋಗಿ ನೋಡಿ ಬಂದಳು. "ಎರಡೂ ಬೇರೆ ಬೇರೆ ನೀರು, ಅಮ್ಮ. ಕಿಟಕಿ ಮೇಲೆ ಅವರ ಬಚ್ಚಲು. ಅದು ಮೊದಲಿಂದಾನೂ ಜಿನುಗ್ತಿದೆ. ಪೈಪು ಒಡೆದಿದ್ದು ಈ ಕಡೆ. ಮಿಷನ್ನು, ಹಾಸಿಗೆ ಆ ನೀರಿಗೆ ಸಿಕ್ಕಿದ್ದು. ಅವಕ್ಕೆ ಬರುತ್ತೆ. ಸವಕಳಿ, ನಿಮ್ಮ ಪಾಲು ಕಳೀತಾರೆ. ಬಟ್ಟೆಗೆ ಬರಲ್ಲ," ಎಂದು ಬಗ್ಗಿ, ಗೋಡೆಗೆ ಒರಗಿದ್ದ ಸುರುಳಿಯೊಂದನ್ನು ಬಿಡಿಸಿದಳು. ಪದರ ಪದರಕ್ಕೂ ಬೂಷ್ಟು ಹಿಡಿದಿತ್ತು. ಒಂದೆರಡು ದಿನದ ಬೂಷ್ಟಲ್ಲ.

ಪರದೆಯಕ್ಕ ನೆಲದ ಮೇಲೆ ಕುಳಿತು ಉಳಿದ ಸುರುಳಿಗಳನ್ನೂ ಬಿಡಿಸಿದಳು. ಒಂಟೆ ದಪ್ಪಗಾಗುತ್ತಿದ್ದ ದಿನಗಳಲ್ಲೆಲ್ಲ ಗೋಡೆಗುಂಟ ಇಳಿದ ತೇವವನ್ನು ಈ ಬಟ್ಟೆ ಕುಡಿಯುತ್ತಿತ್ತು. ಆಕೆ ಮೇಲೆ ನೋಡುತ್ತಿದ್ದಳೇ ಹೊರತು ಒಂದು ದಿನವೂ ಕೆಳಗೆ ನೋಡಿರಲಿಲ್ಲ.

ಸರ್ವೇಯರ್ ಹೋದ ಮೇಲೆ ತಮ್ಮ ಸಿಡುಕಿದ. "ಸತ್ಯ ಹೇಳೋ ಅಕ್ಕನ ಒಂಟೆ ಅಷ್ಟೂ ಬಟ್ಟೆ ತಿಂದು ಹೋಯ್ತು."

"ಅಷ್ಟು ದಿನ ನೋಡಿದ್ದನ್ನ ನೋಡೇ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ಕಣೋ."

ಬಂದ ಹಣದಲ್ಲಿ ಹೊಸ ಮಿಷನ್ ಸಿಗಲಿಲ್ಲ, ಬೇರೊಬ್ಬರು ಓಡಿಸಿದ್ದೊಂದು ಸಿಕ್ಕಿತು. ಆಕೆ ನರ್ಸಿಂಗ್ ಹೋಮಿಗೆ ಹೋಗಿ, ಬಟ್ಟೆ ನೀವೇ ತಂದುಕೊಡಿ, ಹೊಲಿಗೆಯ ಕೂಲಿ ಮಾತ್ರ ಕೊಡಿ ಎಂದು ಕೇಳಿದಳು. ಲಾಭ ಅರ್ಧಕ್ಕಿಳಿಯಿತು, ಕೆಲಸ ಉಳಿಯಿತು.

ಪರದೆ ಹಾಕಿದ ಮಧ್ಯಾಹ್ನ ಒಂದು ವಾರ್ಡಿನಲ್ಲಿ ಒಬ್ಬ ಮುದುಕ ಮಾತ್ರ ಎಚ್ಚರವಾಗಿದ್ದ. ಆಕೆ ಏಣಿ ಹತ್ತಿ ಕೊನೆಯ ಕೊಕ್ಕೆ ಸಿಕ್ಕಿಸಿ, ಬಟ್ಟೆ ಎಳೆದು ಬಿಟ್ಟಳು. ತಿಳಿ ಬೂದು ಬೆಳಕು ಹಾಸಿಗೆಗಳ ಮೇಲೆ ಹರಡಿತು.

"ಪೂರ್ತಿ ಮುಚ್ಚಲಾ ಅಜ್ಜ, ಸ್ವಲ್ಪ ಬಿಡಲಾ?"

"ಹಾಗೇ ಇರಲಿ ಮಗಳೇ," ಎಂದು ಆತ ಕಣ್ಣು ಮುಚ್ಚಿದ.

ಆಕೆ ಏಣಿಯಿಂದ ಸದ್ದಿಲ್ಲದೆ ಇಳಿದಳು.